ನಿಂಬೆ ಎಲೆ ಮೇಲೆ ಬಿಳಿ ಗೆರೆ: ಬಸವನ ಹುಳುವಿನದಾ?

ಪ್ರಶ್ನೆ: ಕುಂಡದಲ್ಲಿರುವ ನಿಂಬೆ ಗಿಡದ ಚಿಗುರೆಲೆ ಮೇಲೆಲ್ಲ ಹೊಳೆಯುವ ಬಿಳಿ ಗೆರೆಗಳು. ಎಲೆ ಮುದುಡಿಕೊಂಡಿದೆ. ರಾತ್ರಿ ಬಸವನ ಹುಳು ಬಂದು ಹೋಗುತ್ತಿರಬೇಕು. ಬುಡಕ್ಕೆ ಉಪ್ಪು ಹಾಕಿದರೂ ನಿಂತಿಲ್ಲ. ಏನು ಮಾಡಲಿ?

ಮೊದಲು ಉಪ್ಪು ಹಾಕುವುದು ನಿಲ್ಲಿಸಿ. ಗೆರೆಗಿಂತ ಉಪ್ಪೇ ಆ ಗಿಡವನ್ನು ಬೇಗ ಸಾಯಿಸುತ್ತೆ.

ಮಳೆ ಬಿದ್ದು ನಿಂಬೆ ಚಿಗುರಿತು ಅಂದರೆ ಸಾಕು, ಇದೇ ಫೋಟೊ, ಇದೇ ಪ್ರಶ್ನೆ, ಮತ್ತೆ ಅದೇ ಬಸವನ ಹುಳುವಿನ ಮೇಲೆ ದೂರು. ಎಷ್ಟು ಸಲ ಹೇಳಿದರೂ ಅಷ್ಟೇ. ಸರಿ, ಈ ಸಲ ನೀವೇ ನೋಡಿ. ಒದ್ದೆ ಬಟ್ಟೆಯಿಂದ ಆ ಗೆರೆಯನ್ನು ಒರೆಸಿ. ಬಸವನ ಹುಳುವಿನ ಲೋಳೆ ಆಗಿದ್ದರೆ ಹೋಗಬೇಕು. ಹೋಗಲ್ಲ, ಯಾಕಂದರೆ ಗೆರೆ ಇರುವುದು ಎಲೆಯ ಮೇಲಲ್ಲ, ಎಲೆಯ ಸಿಪ್ಪೆಯ ಒಳಗೆ. ಈಗ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಗೆರೆಯ ನಡುವೆ ದಾರದಂಥ ಕಪ್ಪು ಗೀಟು ಕಾಣುತ್ತೆ. ಅದು ಹುಳುವಿನ ಹಿಕ್ಕೆ. ಗೆರೆ ಒಂದು ತುದಿಯಲ್ಲಿ ಕೂದಲಿನಷ್ಟು ಸಣ್ಣ, ಹೋಗ್ತಾ ಹೋಗ್ತಾ ಅಗಲ. ನಡೀತಾ ನಡೀತಾ ದಪ್ಪ ಆಗುವ ಬಸವನ ಹುಳುವನ್ನು ನಾನಂತೂ ನೋಡಿಲ್ಲ. ಇನ್ನೂ ಒಂದು: ಗೆರೆ ಆ ಎಲೆಯಲ್ಲೇ ಶುರು, ಅಲ್ಲೇ ಮುಕ್ತಾಯ. ಪಕ್ಕದ ಎಲೆಗೆ ದಾಟಿರಲ್ಲ, ಕಾಂಡದ ಮೇಲೆ ಇಳಿದಿರಲ್ಲ. ಬಸವನ ಹುಳು ಏನು, ಹಾರಿ ಬಂತಾ?

ಹಾರಿ ಬಂದಿದ್ದು ಒಂದು ಪತಂಗ. ನಮ್ಮ ಕಡೆ ರಂಗೋಲಿ ಹುಳು ಅನ್ನುವುದು ಇದರ ಮರಿಗೇ. ಪುಸ್ತಕದ ಹೆಸರು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ. 1856ರಲ್ಲಿ ಕಲ್ಕತ್ತದಲ್ಲಿ ಸಿಕ್ಕ ಪತಂಗ ನೋಡಿ ಹೆಸರಿಟ್ಟಿದ್ದು, ಅಂದರೆ ಇಲ್ಲಿಯದೇ.

ರೇಷ್ಮೆ ಸಾಕುವ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅದೇ ಮೊಟ್ಟೆ, ಹುಳು, ಗೂಡು, ಚಿಟ್ಟೆ. ತಾಯಿ ಪತಂಗ ಎಳೆ ಎಲೆಯ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ ನಡುನರದ ಹತ್ತಿರ, ಒಂದೊಂದೇ ಮೊಟ್ಟೆ ಇಡುತ್ತೆ. ಹೊರಬಂದ ಹುಳು ನೇರ ಸಿಪ್ಪೆಯೊಳಗೆ ನುಗ್ಗಿ ರಸ ಹೀರುತ್ತಾ ಸಾಗುತ್ತೆ. ಸಿಪ್ಪೆ ಎದ್ದು ಒಳಗೆ ಗಾಳಿ ತುಂಬಿದ್ದಕ್ಕೇ ಆ ಬೆಳ್ಳಿ ಹೊಳಪು. ಹುಳು ಬೆಳೆದರೂ ಸುಮಾರು 3 ಮಿಲಿಮೀಟರ್, ಹಳದಿ ಹಸಿರು, ಚಪ್ಪಟೆ. ಕೊನೆಯ ಹಂತದಲ್ಲಿ, ಹಣ್ಣಾದ ರೇಷ್ಮೆ ಹುಳುವಿನ ಹಾಗೆ, ತಿನ್ನುವುದು ಬಿಟ್ಟು ನೂಲು ಬಿಡುತ್ತೆ. ಆ ನೂಲಿನಿಂದ ಎಲೆಯ ಅಂಚನ್ನು ಮಡಚಿ ಒಳಗೆ ಗೂಡು ಕಟ್ಟುತ್ತೆ. ನಿಮ್ಮ ಎಲೆಯ ಅಂಚು ಮಡಚಿದ್ದು ಅದಕ್ಕೇ.

ಅಂಥದ್ದೊಂದು ಎಲೆಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದೆ. ಆರನೇ ದಿನ ಬೆಳಿಗ್ಗೆ ಗಾಜಿನ ಮೇಲೆ ಬೂದಿಯ ಚೂರು ಕೂತಂತಿತ್ತು. ಲೆನ್ಸ್ ಹಿಡಿದರೆ ಬೆಳ್ಳಿ ರೆಕ್ಕೆ, ಕಂದು ಗೀಟು, ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕೆ. ಉದ್ದ 2 ಮಿಲಿಮೀಟರ್! ಎಲೆಯ ಮಡಿಕೆಯಿಂದ ಪತಂಗ ಬಿಟ್ಟುಬಂದ ಖಾಲಿ ಸಿಪ್ಪೆ ಅರ್ಧ ಹೊರಗೆ ನೇತಾಡುತ್ತಿತ್ತು. ಎದುರಿಗಿದ್ದವರಿಗೆಲ್ಲ ಕರೆದು ತೋರಿಸಿದೆ, ಯಾರಿಗೂ ಏನೂ ಅನಿಸಲಿಲ್ಲ, ಬಿಡಿ.

ಏನು ಮಾಡಬೇಕು? ದೊಡ್ಡ ಗಿಡವಾದರೆ ಏನೂ ಬೇಡ. ಬಲಿತ ಎಲೆಗೆ ಇದು ಬರಲ್ಲ. ಗೆರೆ ಬಿದ್ದ ಎಲೆಯನ್ನೆಲ್ಲ ಕಿತ್ತು ಗಿಡ ಬೋಳು ಮಾಡಬೇಡಿ, ಉಳಿದ ಹಸಿರು ಗಿಡಕ್ಕೆ ಊಟ ಹಾಕುತ್ತಲೇ ಇರುತ್ತೆ. ಮೇಲಿಂದ ಮೇಲೆ ಯೂರಿಯಾ ಹಾಕಿ, ಕತ್ತರಿಸಿ ಹೊಸ ಚಿಗುರು ಬರಿಸಿದರೆ ಪತಂಗಕ್ಕೆ ಹಬ್ಬ. ಸಣ್ಣ ಸಸಿಗೆ ಮಾತ್ರ ಜಾಸ್ತಿ ತೊಂದರೆ. ತೋಟದವರು, ಇಂಡಿ ಕಡೆ ನಿಂಬೆ ಬೆಳೆಯುವವರಂಥವರು, ಹುಷಾರಾಗಿರಬೇಕಾದ್ದು ಬೇರೆ ಕಾರಣಕ್ಕೆ: ಸಿಪ್ಪೆ ಹರಿದ ಕಡೆಯೇ ಕಜ್ಜಿ ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಹೋಗುತ್ತೆ.

ಟೊಮೆಟೊ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅದರ ಎಲೆಯ ಮೇಲಿನ ಹಾವಿನಂಥ ಗೆರೆಗೂ ರಂಗೋಲಿ ಹುಳು ಅಂತಲೇ ಹೆಸರು. ಆದರೆ ಅದು ಪತಂಗದ್ದಲ್ಲ, ನೊಣದ ಮರಿ. ಹಿಕ್ಕೆ ನಡುವೆ ಇರಲ್ಲ, ಎರಡೂ ಅಂಚಿಗೆ ಆಚೆ ಈಚೆ ಬಿದ್ದಿರುತ್ತೆ. ಈ ಹುಳು ಎಲೆ ಮಡಚಲ್ಲ, ಹೊರಗೆ ಬಂದು ಮಣ್ಣಿಗೆ ಬೀಳುತ್ತೆ. ಇನ್ನು 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಟ್ಯೂಟಾ ಅನ್ನುವ ಟೊಮೆಟೊ ಕೀಟ ಇದೆಯಲ್ಲ, ಎಲೆಯಲ್ಲಿ ಅಗಲ ತೇಪೆ ಮಾಡಿ ಹಣ್ಣಿಗೂ ತೂತು ಕೊರೆಯುತ್ತೆ, ಕೋಲಾರದ ಕಡೆ ಊಜಿ ಅನ್ನುವುದುಂಟು. ಊಜಿ ಅಂದರೆ ನಿಜವಾಗಿ ರೇಷ್ಮೆ ಹುಳುವನ್ನು ಕಾಡುವ ನೊಣ. ಈ ಟ್ಯೂಟಾ ಪತಂಗ!