ಹಳೆ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ವಿಂಡೋಸ್ 11 ಬಹುಮಟ್ಟಿಗೆ ಹತ್ತಿರ ಸೇರಿಸುವುದಿಲ್ಲ. ಹೀಗಾಗಿ ಮಂಗಳೂರು, ಉಡುಪಿಯ ರಿಪೇರಿ ಮೇಜುಗಳ ಮೇಲೆ ಈಗ ಒಂದೇ ಪ್ರಶ್ನೆ: "ಲಿನಕ್ಸ್ ಹಾಕುವುದಾದರೆ ಯಾವುದು ಹಾಕುವುದು ಮಾರಾಯ್ರೆ?" ಲಿನಕ್ಸ್ ಎಂದರೆ ವಿಂಡೋಸಿನ ಬದಲಿಗೆ ಹಾಕುವ ಉಚಿತ ಕಾರ್ಯಾಚರಣಾ ವ್ಯವಸ್ಥೆ; ಮಿಂಟ್, ಡೆಬಿಯನ್, ಆಂಟಿಎಕ್ಸ್ ಎಂದು ಅದಕ್ಕೆ ಹಲವು ರೂಪ. ಉತ್ತರಕ್ಕೆ ಮೊದಲು ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು, ಪ್ರಿಂಟರ್ ಯಾವುದು ಎಂದು ಕೇಳಬೇಕು.

4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪಿನ) ಆವೃತ್ತಿ. 8 ಜಿಬಿ ಇದ್ದರೆ ಸಿನಮನ್ ಆವೃತ್ತಿಯೇ ಇರಲಿ, ನೋಡಲಿಕ್ಕೂ ಚಂದ. ಮಿಂಟ್ 22ರ ಸರಣಿಗೆ 2029ರ ತನಕ ಸುರಕ್ಷತಾ ಅಪ್‌ಡೇಟ್ ಉಂಟು. 2 ಜಿಬಿಯ ಯಂತ್ರಕ್ಕೆ ಎಲ್‌ಎಕ್ಸ್‌ಕ್ಯುಟಿ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿದ ಡೆಬಿಯನ್ ಅಥವಾ ಆಂಟಿಎಕ್ಸ್ ಹಗುರ ನಿಜ, ಆದರೆ ಬ್ರೌಸರ್ ಹಗುರವಾಗುವುದಿಲ್ಲವಲ್ಲ! ನಾಲ್ಕು ಟ್ಯಾಬ್ ತೆರೆದರೆ ಡೆಸ್ಕ್‌ಟಾಪಿಗಿಂತ ಹೆಚ್ಚು ರ‍್ಯಾಮ್ ಅದೇ ನುಂಗುತ್ತದೆ. ಇನ್ನೂ ಹಗುರದ್ದನ್ನು ಹುಡುಕುತ್ತ ಕೂರುವ ಬದಲು ಇನ್ನೊಂದು 4 ಜಿಬಿ ರ‍್ಯಾಮ್ ಕಡ್ಡಿ ಹಾಕಿಸಿ. ಕೊಳ್ಳುವಾಗ ಹಳೆ ಕಡ್ಡಿಯ ಚೀಟಿ ನೋಡಿ: ಪಿಸಿ3ಎಲ್ ಎಂದಿದ್ದರೆ ಅದು 1.35 ವೋಲ್ಟಿನದು. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಲ್ಯಾಪ್‌ಟಾಪಿಗೆ 1.5 ವೋಲ್ಟಿನ ಸಾದಾ ಡಿಡಿಆರ್3 ಕಡ್ಡಿ ತುರುಕಿದರೆ ಸಾಮಾನ್ಯವಾಗಿ ಸ್ಕ್ರೀನ್ ಕಪ್ಪಾಗಿಯೇ ಕೂರುತ್ತದೆ.

32 ಬಿಟ್‌ನ ಹಳೆ ಆಟಮ್ ಪ್ರೊಸೆಸರಿನ ನೆಟ್‌ಬುಕ್ಕಿನ ಕಥೆ ಮುಗಿಯಿತೆನ್ನಿ. ಡೆಬಿಯನ್ 13 ಕೂಡ 32 ಬಿಟ್ ಯಂತ್ರಗಳ ಇನ್‌ಸ್ಟಾಲರ್ ಕೈಬಿಟ್ಟಿದೆ.

ರ‍್ಯಾಮಿಗಿಂತಲೂ ಕಣ್ಣಿಗೆ ಕಾಣುವ ವ್ಯತ್ಯಾಸ ಡಿಸ್ಕಿನದು. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು 2.5 ಇಂಚಿನ, 7 ಮಿ.ಮೀ. ದಪ್ಪದ 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಕೂರಿಸಿ. ಹಳೆಯದನ್ನೇ ಬಳಸುವ ಹಟವಿದ್ದರೆ 'ಡಿಸ್ಕ್ಸ್' ಎಂಬ ತಂತ್ರಾಂಶದಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕಿನ ಆರೋಗ್ಯದ ವರದಿ) ತೆರೆಯಿರಿ. ಕೆಟ್ಟು ಬದಲಿಸಿದ ಸೆಕ್ಟರ್ (ರಿಅಲೊಕೇಟೆಡ್), ಓದಲಾಗದೆ ಉಳಿದ ಬಾಕಿ ಸೆಕ್ಟರ್ (ಪೆಂಡಿಂಗ್) ಎರಡೂ ಸೊನ್ನೆ ಇರಬೇಕು. ಬಾಕಿ ಸೆಕ್ಟರ್ ಇದ್ದರೆ ಆ ಡಿಸ್ಕಿನ ಮೇಲೆ ಏನನ್ನೂ ಹಾಕಬೇಡಿ, ಇರುವ ಫೈಲುಗಳನ್ನು ಮೊದಲು ನಕಲು ಮಾಡಿಕೊಳ್ಳಿ.

ವಿಂಡೋಸ್ ಅಳಿಸುವ ಮುಂಚೆ ಲಿನಕ್ಸನ್ನು ಲೈವ್ ಆಗಿ, ಅಂದರೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವುದು ಕಡ್ಡಾಯ. 8 ಜಿಬಿ ಪೆನ್‌ಡ್ರೈವಿಗೆ ವೆಂಟಾಯ್ ಎಂಬ ತಂತ್ರಾಂಶ ಹಾಕಿ, ಲಿನಕ್ಸಿನ ಸುಮಾರು 3 ಜಿಬಿಯ ಐಎಸ್‌ಒ ಫೈಲನ್ನು ಅದರೊಳಗೆ ನಕಲಿಸಿದರೆ ಆಯಿತು. ಆನ್ ಮಾಡುವಾಗ ಪೆನ್‌ಡ್ರೈವಿನಿಂದ ಶುರುಮಾಡಲು ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ವೈಫೈ, ಸದ್ದು, ಸ್ಕ್ರೀನಿನ ಬೆಳಕು, ಮುಚ್ಚಳ ಹಾಕಿ ತೆಗೆದಾಗ ಎಚ್ಚರವಾಗುವುದು, ಇಷ್ಟನ್ನೂ ಪರೀಕ್ಷಿಸಿ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಮೊದಲಿಗೆ ನೆಟ್ ಬಾರದೆ ಹೋಗಬಹುದು. ಲಿನಕ್ಸ್ ಹಾಕಿದ ಮೇಲೆ ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಕೊಟ್ಟು, ಮಿಂಟ್‌ನ ಡ್ರೈವರ್ ಮ್ಯಾನೇಜರಿನಿಂದ ಡ್ರೈವರ್ ಇಳಿಸಿಕೊಳ್ಳಿ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಚಾಲೂ ಇದ್ದಲ್ಲಿ ಯಂತ್ರವೇ ಒಂದು ಪಾಸ್‌ವರ್ಡ್ ಕೊಡಲು ಹೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಅದನ್ನೇ ಕೇಳುತ್ತದೆ. ಆ ಪರದೆಯನ್ನು ಸುಮ್ಮನೆ ದಾಟಿದರೆ ಡ್ರೈವರ್ ಇದ್ದೂ ಇಲ್ಲದಂತೆ.

ಪ್ರಿಂಟರ್ ವಿಚಾರದಲ್ಲಿ ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಲಿಪ್ ಎಂಬ ಎಚ್‌ಪಿ ತಂತ್ರಾಂಶದ ಪ್ಲಗಿನ್ ಬೇಕು, ಹಾಕಿದರೆ ಸಲೀಸು. ಕ್ಯಾನನ್ ಎಲ್‌ಬಿಪಿ 2900 ಮಾತ್ರ ತಲೆನೋವು: ಅದರ ಕ್ಯಾಪ್ಟ್ ಡ್ರೈವರ್ ಹಳೆಯದು, 32 ಬಿಟ್‌ನ ಫೈಲುಗಳನ್ನು ಬೇಡುತ್ತದೆ. ಆ ಪ್ರಿಂಟರನ್ನೇ ನಂಬಿದ ಜೆರಾಕ್ಸ್ ಅಂಗಡಿಯವರು, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್ ಯಂತ್ರವೊಂದನ್ನು ಉಳಿಸಿಕೊಳ್ಳುವುದೇ ಮೇಲು.

ಯಕ್ಷಗಾನ ಪ್ರಸಂಗ, ಆಮಂತ್ರಣ ಪತ್ರಿಕೆ ಇತ್ಯಾದಿಗಳನ್ನು ಯುನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನಲ್ಲಿ ಟೈಪಿಸಿಟ್ಟವರಿಗೆ ಆ ಫೈಲುಗಳು ಲಿನಕ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಯುನಿಕೋಡಿಗೆ ಪರಿವರ್ತಿಸಿ. ಹೊಸದಾಗಿ ಟೈಪಿಸಲು ಐಬಸ್, ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿ, ಕನ್ನಡದಡಿ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಯ ಕೀಲಿಮಣೆಯೇ ಸಿಗುತ್ತದೆ, ಕೈಗೆ ಹೊಸ ಪಾಠ ಬೇಡ.

ಕರಾವಳಿಯ ಗಾಳಿಯ ಉಪ್ಪು, ತೇವ ಲಿನಕ್ಸಿಗೆ ಗೊತ್ತಿಲ್ಲ. ರ‍್ಯಾಮ್ ಕಡ್ಡಿಯ ಹಳದಿ ಪಟ್ಟಿ ಮಂಕಾಗಿದ್ದರೆ ರಬ್ಬರಿನಿಂದ ಮೆಲ್ಲ ಉಜ್ಜಿ. ಮಳೆಗಾಲವಿಡೀ ಕಪಾಟಿನಲ್ಲಿದ್ದ ಯಂತ್ರದ ಸಿಮೋಸ್ ಸೆಲ್ (ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ) ಸತ್ತಿದ್ದರೆ ತಾರೀಕು ಹಿಂದಕ್ಕೆ ಹೋಗಿ, ಬ್ರೌಸರ್ ಎಲ್ಲ ಸೈಟಿಗೂ ಪ್ರಮಾಣಪತ್ರದ ದೋಷ ತೋರಿಸುತ್ತದೆ, ಅಪ್‌ಡೇಟೂ ತಕರಾರು ಮಾಡುತ್ತದೆ. ಜನ ಲಿನಕ್ಸನ್ನು ಬೈಯುತ್ತಾರೆ. ಹೆಚ್ಚಿನವುಗಳಲ್ಲಿ ಬೇಕಾದದ್ದು ಒಂದು ಸಿಆರ್2032 ಸೆಲ್ ಅಷ್ಟೆ.

ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಗುಡುಗು-ಸಿಡಿಲಿನ ಸಂಜೆ ಅಪ್‌ಡೇಟಿಗೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋಗಿ ಮಿಂಟ್ ಹಾಕಿದ ಯಂತ್ರ ಏಳದಿದ್ದರೆ, ಆನ್ ಮಾಡಿದೊಡನೆ ಎಸ್ಕೇಪ್ (ಹಳೆ ಬಯೋಸ್‌ನಲ್ಲಿ ಶಿಫ್ಟ್) ಒತ್ತಿ ಗ್ರಬ್ ಪಟ್ಟಿ (ಏನನ್ನು ಶುರುಮಾಡಬೇಕೆಂದು ಕೇಳುವ ಪರದೆ) ತರಿಸಿ. ಅದರಲ್ಲಿ ಅಡ್ವಾನ್ಸ್‌ಡ್ ಆಯ್ಕೆಯೊಳಗಿನ ರಿಕವರಿ ಮೋಡಿಗೆ ಹೋಗಿ 'ಡಿಪಿಕೆಜಿ' ಎಂಬ ಸಾಲನ್ನು ಆರಿಸಿ. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಅದು ಪೂರ್ತಿ ಮಾಡಿಕೊಳ್ಳುತ್ತದೆ.