ಲಿಫ್ಟ್ ಮಾಡಿದ ಪಿಕಪ್, ಕಳೆದುಹೋದ ಕ್ಯಾಸ್ಟರ್

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ತಮ್ಮ ಹಳೇ ಮಹೀಂದ್ರಾ ಪಿಕಪ್ ತಂದು ನಿಲ್ಲಿಸಿದರು. ಮುಂದೆಯೂ ಕಮಾನ್ ಪಟ್ಟೆಯೇ (ಲೀಫ್ ಸ್ಪ್ರಿಂಗ್) ಇರುವ, ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಆಕ್ಸಲ್ ಹಾಯ್ದಿರುವ ಜೀಪ್ ಜಾತಿಯ ಫೋರ್ ವೀಲ್ ಗಾಡಿ. ತೋಟದ ರಸ್ತೆಗೆ ಬೇಕೆಂದು ಎರಡು ವರ್ಷದ ಹಿಂದೆ ಎತ್ತರಿಸಿ, 31 ಇಂಚಿನ ಟೈರ್ ಹಾಕಿಸಿದ್ದರು.

"ಮೇಸ್ತ್ರಿ, ಎರಡು ಸಲ ಅಲೈನ್‌ಮೆಂಟ್ ಮಾಡಿಸ್ದೆ. ಅರವತ್ತು ದಾಟಿದ್ರೆ ಗಾಡಿ ರಸ್ತೆ ತುಂಬಾ ಓಡಾಡುತ್ತೆ. ತಿರುವಲ್ಲಿ ಸ್ಟೇರಿಂಗ್ ಬಿಟ್ರೆ ವಾಪಸ್ ಬರೋದೇ ಇಲ್ಲ" ಅಂದರು.

"ಲೋಡ್ ಇದ್ದಾಗ ಹೇಗೆ ಗೌಡ್ರೇ?"

"ಹಿಂದೆ ಗೊಬ್ಬರದ ಮೂಟೆ ತುಂಬಿದ್ರೆ ಎಷ್ಟೋ ವಾಸಿ. ಖಾಲಿ ಇದ್ದಾಗಲೇ ಕಷ್ಟ."

ಆ ಮಾತು ಕೇಳಿದ ಕೂಡಲೇ ನನಗೆ ಕ್ಯಾಸ್ಟರ್ ಮೇಲೆ ಅನುಮಾನ ಬಂತು. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ಅದರ ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದೆ. ಆ ವಾಲಿಕೆ ಇರುವುದರಿಂದ ಓಡುವ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ನಮ್ಮ ಗಾಡಿಯಲ್ಲಿ ಕಿಂಗ್‌ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಗೂಟ) ಹಾಗೆ ಹಿಂದಕ್ಕೆ ವಾಲಿರುವುದನ್ನೇ ಕ್ಯಾಸ್ಟರ್ ಅನ್ನುತ್ತೇವೆ. ಹಿಂದೆ ಲೋಡ್ ಬಿದ್ದು ಗಾಡಿಯ ಬೆನ್ನು ಎರಡು ಇಂಚು ಕುಸಿದರೆ ಇಡೀ ಚಾಸಿಸ್ ಹಿಂದಕ್ಕೆ ವಾಲಿ, ಕ್ಯಾಸ್ಟರ್ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ. ಲೋಡ್ ಹಾಕಿದಾಗ ವಾಸಿ ಅನ್ನಿಸುವ ಗಾಡಿಗೆ ಖಾಲಿ ಇರುವಾಗ ಆ ಒಂದು ಡಿಗ್ರಿಯೇ ಸಾಲದಿರಬಹುದು.

ಆದರೂ ಅನುಮಾನ ಬಂದ ಮಾತ್ರಕ್ಕೆ ಸ್ಪ್ಯಾನರ್ ಹಿಡಿಯಬಾರದು. ಹಳೇ ಗಾಡಿಯಲ್ಲಿ ಒಂದೇ ಕಾಯಿಲೆ ಇರುವುದು ಅಪರೂಪ.

ಮೊದಲು ಗಾಳಿ ಸರಿ ಮಾಡಿ ಟೈರಿನ ಮೇಲೆ ಅಂಗೈ ಆಡಿಸಿದೆ. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು, ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸದ ಹಲ್ಲಿನ ಹಾಗೆ ಕೈಗೆ ಸಿಗುತ್ತಿತ್ತು. ಎರಡೂ ಮುಂದಿನ ಟೈರಿನಲ್ಲಿ ಹೀಗಿದ್ದರೆ ಟೋ ಇನ್ (ಎರಡೂ ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವುದು) ಅತಿಯಾಗಿದೆ ಎಂದರ್ಥ. ಹೊರಕ್ಕೆ ತಿರುಗಿ ಟೋ ಔಟ್ ಆಗಿದ್ದರೆ ಇದು ತಿರುಗುಮುರುಗು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕೆಟ್ಟಿದ್ದರೆ ಟೈರಿನ ಒಂದೇ ಅಂಚು ಬೋಳಾಗುತ್ತದೆ. ಕ್ಯಾಸ್ಟರ್ ಮಾತ್ರ ಟೈರಿನ ಮೇಲೆ ಗುರುತು ಬಿಡುವುದು ಕಡಿಮೆ, ಅದು ಗೊತ್ತಾಗುವುದು ಡ್ರೈವರ್‌ನ ಕೈಗೆ. ಟೈರ್ ನೋಡಿಯೇ ಎಲ್ಲ ಹೇಳುವವರು ಕ್ಯಾಸ್ಟರ್ ಬಿಟ್ಟುಬಿಡಲು ಇದೇ ಕಾರಣ.

ಆಮೇಲೆ ಸಡಿಲಗಳ ಹುಡುಕಾಟ. ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬ ಹುಡುಗ ಒಳಗೆ ಕೂತು ಸ್ಟೇರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಿರಬೇಕು, ನಾವು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಬೇಕು. ಎರಡು ಚಕ್ರವನ್ನು ಜೋಡಿಸುವ ಟೈ ರಾಡ್‌ನ ಎಂಡ್, ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸ್ ಚಾಸಿಸ್‌ಗೆ ಕೂತಿರುವ ಬೋಲ್ಟ್, ಕಮಾನಿನ ಬುಷ್. ಕಣ್ಣಿಗೆ ಕಾಣದ ಪ್ಲೇ (ಸಡಿಲ) ಬೆರಳಿಗೆ ಸಿಗುತ್ತದೆ. ನಂತರ ಜಾಕ್ ಹಾಕಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಒಳಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್ ಹೋಗಿದೆ, ಹಾಗೇ ಉಳಿದರೆ ಕಿಂಗ್‌ಪಿನ್ ಹೋಗಿದೆ.

ಗೌಡರ ಗಾಡಿಯ ಎಡಗಡೆ ಟೈ ರಾಡ್ ಎಂಡ್ ಸವೆದಿತ್ತು. ಸವೆದ ಜಾಯಿಂಟ್ ಇಟ್ಟುಕೊಂಡು ಟೋ ಸೆಟ್ ಮಾಡಿದರೆ ಮಷಿನ್ ಮೇಲೆ ಬಂದ ಅಳತೆ ಗೇಟ್ ದಾಟುವವರೆಗೂ ಉಳಿಯುವುದಿಲ್ಲ. ಹೊಂಡ ಹಾರಿದೊಡನೆ ಎರಡೂ ಚಕ್ರ ಪಟಪಟನೆ ಒದರುವ ಕಾಯಿಲೆಗೂ ಹೆಚ್ಚಾಗಿ ಇಂಥ ಸಡಿಲವೇ ಮೂಲ. ಅದಕ್ಕೆ ಒದರಾಟ ತಡೆಯುವ ಸ್ಟೇರಿಂಗ್ ಡ್ಯಾಂಪರ್ ಹಾಕಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಒದರುವುದು ನಿಂತಂತೆ ಕಾಣುತ್ತದೆ, ಸವೆದದ್ದು ಸವೆಯುತ್ತಲೇ ಇರುತ್ತದೆ. ಸಂಸಾರ ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿಗೆ ಹಾಗೆ ಮಾಡಬಾರದು.

ಸ್ಟೇರಿಂಗ್ ವಾಪಸ್ ಬರದಿರಲು ಕ್ಯಾಸ್ಟರ್ ಒಂದೇ ಕಾರಣ ಆಗಬೇಕಿಲ್ಲ. ಕಿಂಗ್‌ಪಿನ್ ಬೇರಿಂಗ್ ಒಣಗಿದ್ದರೆ, ಅಥವಾ ಅತಿಯಾಗಿ ಬಿಗಿ ಮಾಡಿದ್ದರೆ, ಇದೇ ಲಕ್ಷಣ. ಹಾಗಾಗಿ ಚಕ್ರ ಎತ್ತಿ, ಟೈ ರಾಡ್ ಬಿಡಿಸಿ, ಒಂದೊಂದು ಚಕ್ರವನ್ನೂ ಕೈಯಲ್ಲಿ ತಿರುಗಿಸಿ ನೋಡಿದೆ. ಎರಡೂ ಸಲೀಸಾಗಿ ತಿರುಗಿದವು.

ಇನ್ನು ಟೇಪ್. ಎಡಗಡೆ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ, ಬಲಗಡೆಯೂ ಹಾಗೇ ಅಳೆದೆ. ಎಡಗಡೆ 12 ಮಿಲಿಮೀಟರ್ ಕಡಿಮೆ. ಮುಂದಿನ ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದಾಗ ಪಟ್ಟೆಗಳನ್ನು ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ ಕೂತಿತ್ತು. ಯು ಬೋಲ್ಟ್ ಸಡಿಲವಾಗಿದ್ದರಿಂದ ಆಕ್ಸಲ್ ಆ ಕಡೆ ನಿಧಾನಕ್ಕೆ ಹಿಂದೆ ಸರಿದಿತ್ತು. ಎರಡು ನಿಮಿಷದ ಈ ಅಳತೆಗೆ ಯಾವ ಮಷಿನ್ನೂ ಬೇಡ.

ಈಗ ಅಸಲು ವಿಷಯ. ಗಾಡಿ ಎತ್ತರಿಸಿದ್ದು ಉದ್ದನೆಯ ಶಾಕಲ್ ಪಟ್ಟಿ (ಕಮಾನಿನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ ತೂಗುಪಟ್ಟಿ) ಹಾಕಿ. ಕಡಿಮೆ ಖರ್ಚಿನ ದಾರಿ ಅದು. ಜೀಪ್ ಮೂಲದ ಈ ಗಾಡಿಯಲ್ಲಿ ಮುಂದಿನ ಕಮಾನಿನ ಶಾಕಲ್ ಇರುವುದು ಮುಂತುದಿಯಲ್ಲಿ, ಹಿಂತುದಿ ಚಾಸಿಸ್‌ಗೆ ಪಿನ್ನಿನಿಂದ ಕೂತಿರುತ್ತದೆ. ಶಾಕಲ್ ಉದ್ದವಾದರೆ ಕಮಾನಿನ ಮುಂತುದಿ ಚಾಸಿಸ್‌ನಿಂದ ಕೆಳಗೆ ದೂಡಿಸಿಕೊಳ್ಳುತ್ತದೆ, ಕಮಾನಿನ ಜೊತೆ ಆಕ್ಸಲ್ ಮೂಗು ತಗ್ಗಿಸುತ್ತದೆ, ಕಿಂಗ್‌ಪಿನ್‌ನ ತಲೆ ಮುಂದಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ತುದಿಯ ಕಣ್ಣಿನಿಂದ (ಪಿನ್ ಕೂರುವ ತೂತು) ಇನ್ನೊಂದು ತುದಿಯ ಕಣ್ಣಿಗೆ ಒಂದು ಮೀಟರ್ ಇರುವ ಕಮಾನಿನ ಒಂದು ತುದಿ 50 ಮಿಲಿಮೀಟರ್ ಇಳಿದರೆ ಹೆಚ್ಚುಕಡಿಮೆ 3 ಡಿಗ್ರಿ. ಇಂಥ ಆಕ್ಸಲ್‌ನಲ್ಲಿ ಕ್ಯಾಸ್ಟರ್ ಇರುವುದೇ ಸುಮಾರು 3 ಡಿಗ್ರಿ. ಇಷ್ಟು ಮಾಡಿದರೆ ಆಕ್ಸಲ್ ಮಟ್ಟದಲ್ಲಿ ಸಿಗುವ ಎತ್ತರ ಒಂದೇ ಇಂಚು. ಒಂದು ಇಂಚಿಗೆ ಇಡೀ ಕ್ಯಾಸ್ಟರ್ ಕೊಟ್ಟ ಹಾಗಾಯಿತು. ಶಾಕಲ್ ಹಿಂತುದಿಯಲ್ಲಿರುವ ಗಾಡಿಗಳಲ್ಲಿ ಇದೇ ಕೆಲಸ ಕ್ಯಾಸ್ಟರ್ ಹೆಚ್ಚಿಸುತ್ತದೆ. ಅದಕ್ಕೇ ಒಬ್ಬರ ಗಾಡಿಗೆ ಸರಿಹೋದದ್ದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ಗೌಡರು ಜೋಪಾನವಾಗಿ ಇಟ್ಟಿದ್ದ ಅಲೈನ್‌ಮೆಂಟ್ ಅಳತೆಯ ಹಳೇ ಪ್ರಿಂಟ್ ಬಿಚ್ಚಿ ನೋಡಿದೆ. ಕ್ಯಾಸ್ಟರ್ 0.4 ಡಿಗ್ರಿ ಎಂದು ಕೆಂಪು ಅಕ್ಷರದಲ್ಲಿ ಅದರಲ್ಲೇ ಇತ್ತು. ಈ ಆಕ್ಸಲ್‌ನಲ್ಲಿ ನಟ್ ತಿರುಗಿಸಿ ಬದಲಿಸಬಹುದಾದದ್ದು ಟೋ ಮಾತ್ರ, ಆದ್ದರಿಂದ ಅಲ್ಲಿನವರು ಅದನ್ನಷ್ಟೇ ಮುಟ್ಟಿದ್ದಾರೆ. ಅಲೆದಾಟ ನಿಲ್ಲಲೆಂದು ಎರಡನೇ ಸಲ ಟೋ ಇನ್ ಇನ್ನಷ್ಟು ಕೊಟ್ಟಿದ್ದಾರೆ. ಅದರ ಫಲವೇ ಟೈರಿನ ಗರಗಸ.

ಟೋ ಅಳತೆಯಲ್ಲೇ ಇನ್ನೊಂದು ಗೊಂದಲವೂ ಉಂಟು. 15 ಇಂಚಿನ ರಿಮ್ ಅಂಚಿನಲ್ಲಿ ಹಿಡಿದ 3 ಮಿಲಿಮೀಟರ್ ಟೋ, 31 ಇಂಚಿನ ಟೈರಿನ ಮೈಮೇಲೆ ಹಿಡಿದರೆ ಸುಮಾರು 6 ಮಿಲಿಮೀಟರ್ ಆಗುತ್ತದೆ. ಕೋನ ಒಂದೇ, ಅಳೆದ ಜಾಗ ಬೇರೆ. ಟೈರ್ ದೊಡ್ಡದು ಮಾಡಿದ ಮೇಲೆ ಮಿಲಿಮೀಟರ್ ಮಾತು ಬಿಟ್ಟು ಡಿಗ್ರಿಯಲ್ಲೇ ಕೇಳಿ.

ಕ್ಯಾಸ್ಟರ್ ವಾಪಸ್ ತರಲು ಆಕ್ಸಲ್ ಮತ್ತು ಕಮಾನಿನ ನಡುವೆ ವೆಡ್ಜ್ (ಓರೆ ತುಂಡು) ಕೊಡುವ ಕ್ರಮವಿದೆ. ಒಂದೆರಡು ಡಿಗ್ರಿಗೆ ಪರವಾಗಿಲ್ಲ. ಆದರೆ ಆಕ್ಸಲ್ ತಿರುಗಿದರೆ ಡಿಫರೆನ್ಷಿಯಲ್‌ನ ಮೂತಿಯೂ ಕೆಳಗೆ ತಿರುಗುತ್ತದೆ, ಫೋರ್ ವೀಲ್ ಹಾಕಿದಾಗ ಅಲ್ಲಿಗೆ ಸೇರುವ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ (ಶಾಫ್ಟ್ ಬಾಗಿ ತಿರುಗಲು ಬಿಡುವ ಜಾಯಿಂಟ್) ಏಟು. ಹಾಗಾಗಿ ನಾನು ಒಪ್ಪಿಸಿದ್ದು ಹೀಗೆ: ಶಾಕಲ್ ಮೂಲ ಅಳತೆಗೆ ಹೋಗಲಿ, ಕುಸಿದ ಪಟ್ಟೆಗಳಿಗೆ ಕಮಾನ್ ಅಂಗಡಿಯಲ್ಲಿ ಬಾಗು ಕೊಡಿಸೋಣ, ಒಂದು ಇಂಚು ಎತ್ತರ ಹೋದರೆ ಹೋಗಲಿ. ಕಂಪನಿ ಮಾಡಿಕೊಟ್ಟ ಅಳತೆ ಮೀರಿ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಹೇಳುತ್ತದೆ.

ಮುಂದೆ ಕಮಾನಿನ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಪಿಕಪ್‌ಗಳ ಕಥೆ ಬೇರೆ. ಅಲ್ಲಿ ಬೋಲ್ಟ್ ಬಿಗಿ ಮಾಡಿ ಬಾರ್ ತಿರುಚಿದರೆ ಸಾಕು, ಮುಂಭಾಗ ಏಳುತ್ತದೆ. ಆದರೆ ಚಕ್ರ ಹಿಡಿದಿರುವ ಆರ್ಮ್‌ಗಳು ಇಳಿಬಿದ್ದು ಟೋ, ಕ್ಯಾಂಬರ್ ಎರಡೂ ಒಟ್ಟಿಗೆ ಬದಲಾಗುತ್ತವೆ, ಚಕ್ರ ಕೆಳಗಿಳಿಯಲು ಜಾಗವೇ ಉಳಿಯುವುದಿಲ್ಲ. ಅವುಗಳಲ್ಲಿ ಮೊದಲು ಎಡ ಬಲದ ಎತ್ತರ ಸಮ ಮಾಡಿ, ಆಮೇಲಷ್ಟೇ ಅಲೈನ್‌ಮೆಂಟ್.

ಗೌಡರ ಗಾಡಿಗೆ ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಟೈ ರಾಡ್ ಎಂಡ್ ಜೋಡಿ ಹಾಕಿದ ಮೇಲೆ ಎರಡೂ ಕಡೆ ಹಬ್‌ಗಳ ನಡುವಿನ ಅಳತೆ, ಅಂದರೆ ವೀಲ್‌ಬೇಸ್ ಸಮನಾಯಿತು. ಕ್ಯಾಸ್ಟರ್ 3 ಡಿಗ್ರಿಗೆ ಬಂತು. ಟೋ ಸೆಟ್ ಮಾಡಿ, ಕೊನೆಗೆ ಡ್ರ್ಯಾಗ್ ಲಿಂಕ್‌ನಲ್ಲಿ ಸ್ಟೇರಿಂಗ್ ಚಕ್ರ ನೇರ ಮಾಡಿದೆ. ಈ ಕ್ರಮ ತಪ್ಪಿಸಬೇಡಿ, ಮೊದಲೇ ಸ್ಟೇರಿಂಗ್ ನೇರ ಮಾಡಿದರೆ ಮತ್ತೆ ಮಾಡಬೇಕಾಗುತ್ತದೆ. ಹಾಸನದ ಹೆದ್ದಾರಿಯಲ್ಲಿ ಖಾಲಿ ಗಾಡಿಯನ್ನೇ ಎಪ್ಪತ್ತರಲ್ಲಿ ಓಡಿಸಿದ ಗೌಡರು ಸ್ಟೇರಿಂಗ್ ಮೇಲೆ ಎರಡು ಬೆರಳಿಟ್ಟು ಕೂತಿದ್ದರು.

500 ಕಿಲೋಮೀಟರ್ ಆದಮೇಲೆ ಬನ್ನಿ ಅಂದಿದ್ದೆ, ಬಂದರು. ಪಟ್ಟೆಗಳು ಕೂತುಕೊಂಡಿದ್ದವು, ನಾಲ್ಕೂ ಯು ಬೋಲ್ಟ್ ಇನ್ನೂ ಕಾಲು ಸುತ್ತು ತೆಗೆದುಕೊಂಡವು.