ಹಳೆಯ ರಿಸೀವರ್ ‘ಟಕ್’ ಎನ್ನದಿದ್ದರೆ

1970ರ ದಶಕದ ಕೊನೆಯ ಪಯೊನಿಯರ್, ಸ್ಯಾನ್‌ಸುಯಿ ರಿಸೀವರ್‌ಗಳನ್ನು (ರೇಡಿಯೊ, ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಸ್ಟೀರಿಯೊ ಸೆಟ್) ಆನ್ ಮಾಡಿದ ನಾಲ್ಕೈದು ಸೆಕೆಂಡಿಗೆ ಒಳಗಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಆಂಪ್ಲಿಫೈಯರನ್ನು ಸ್ಪೀಕರಿಗೆ ಜೋಡಿಸುವ ರಿಲೇಯ, ಅಂದರೆ ಕರೆಂಟಿನಿಂದ ತಾನೇ ಮುಚ್ಚಿಕೊಳ್ಳುವ ಸ್ವಿಚ್ಚಿನ, ಸದ್ದು ಅದು. ಡಯಲ್ ದೀಪ ಉರಿದರೂ ಟಕ್ ಕೇಳದಿದ್ದಾಗ ಕೆಲವರು ರಿಲೇಯೇ ಕೆಟ್ಟಿದೆ ಎಂದುಕೊಂಡು ಅದರ ಕಾಂಟ್ಯಾಕ್ಟ್‌ಗಳಿಗೆ ತಂತಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ 40 ವೋಲ್ಟ್ ಡಿಸಿ ನೇರ ಸ್ಪೀಕರಿಗೆ ನುಗ್ಗುತ್ತದೆ. ಸ್ಪೀಕರಿನ ರೋಧ 8 ಓಮ್ ಎಂದೇ ಲೆಕ್ಕ ಹಾಕಿದರೂ 5 ಆಂಪಿಯರ್, ಅಂದರೆ 200 ವ್ಯಾಟ್ ಶಾಖ, ಸ್ಪೀಕರಿನ ಕಾಯಿಲ್ ಸುಟ್ಟುಹೋಗುತ್ತದೆ. ರಿಲೇ ಅದನ್ನೇ ತಡೆದು ನಿಂತಿರಬಹುದು.

ಮೊದಲು ಹಿಂಬದಿಯಲ್ಲಿ ಬರೆದ ವೋಲ್ಟೇಜ್ ಓದಿ. ಅಮೆರಿಕಕ್ಕೆಂದು ತಯಾರಾದ 120 ವೋಲ್ಟಿನ ಸೆಟ್ಟಿಗೆ ನಮ್ಮಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತಿಡಿ. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಆಮೇಲೂ ಚಾರ್ಜ್ ಉಳಿದಿರುತ್ತದೆ. 1 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಕೆಪಾಸಿಟರಿನ ಎರಡು ತುದಿಗಳಿಗೆ ಒಂದು ನಿಮಿಷ ಹಿಡಿದು, ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನು ಕಂಡ ಮೇಲೇ ಕೈ ಹಾಕಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಅಭ್ಯಾಸ ಬೇಡ.

ಮತ್ತೆ ಕರೆಂಟ್ ಕೊಡುವಾಗ ಸ್ಪೀಕರ್ ಬಿಚ್ಚಿಟ್ಟು, 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೆಟ್ಟಿಗೆ ಬರುವ ಕರೆಂಟಿನ ದಾರಿಯಲ್ಲೇ, ಸೀರೀಸ್‌ನಲ್ಲಿ, ಹಾಕಿ. ಎಲ್‌ಇಡಿ ಇದಕ್ಕೆ ಬಾರದು. 230 ವೋಲ್ಟಿನ ಈ ಬಲ್ಬು ತಣ್ಣಗಿದ್ದಾಗ ಅದರ ರೋಧ ಸುಮಾರು 40 ಓಮ್, ಪೂರ್ತಿ ಉರಿಯುವಾಗ 529. ಒಳಗೆ ಶಾರ್ಟ್ ಇದ್ದರೆ ಬಲ್ಬೇ ಪ್ರಖರವಾಗಿ ಉರಿದು ಕರೆಂಟನ್ನು ಹಿಡಿದಿಡುತ್ತದೆ. ಒಮ್ಮೆ ಮಿಂಚಿ ಮಂಕಾದರೆ ಭಾರೀ ಶಾರ್ಟ್ ಇಲ್ಲವೆಂದು ಮುಂದುವರಿಯಬಹುದು.

ಈಗ ಮೀಟರನ್ನು ಡಿಸಿಗೆ ತಿರುಗಿಸಿ. ಕಪ್ಪು ತಂತಿ ಛಾಸಿಗೆ (ಲೋಹದ ಚೌಕಟ್ಟಿಗೆ), ಕೆಂಪು ತಂತಿ ರಿಲೇಗಿಂತ ಮೊದಲಿನ ಔಟ್‌ಪುಟ್ ಬಿಂದುವಿಗೆ, ಎಡ–ಬಲ ಎರಡೂ ಚಾನೆಲ್‌ಗಳಲ್ಲಿ. 50 ಮಿಲಿವೋಲ್ಟಿಗಿಂತ ಕಡಿಮೆಯಿದ್ದರೆ ಒಳ್ಳೆಯದು. ಒಂದು ಕಡೆ ಹತ್ತಾರು ವೋಲ್ಟ್ ಕಂಡರೆ ಕೆಟ್ಟ ಚಾನೆಲ್ ಸಿಕ್ಕಂತೆ. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್‌–ಎಮಿಟರ್ ನಡುವಿನ ರೋಧ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಶಾರ್ಟ್. ಅದರ ಜತೆಗೆ ಅದನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರೂ ಎಮಿಟರ್ ರೆಸಿಸ್ಟರೂ ಹೋಗಿರುವುದು ಸಾಮಾನ್ಯ. ಅವನ್ನು ನೋಡದೆ ಹೊಸ ಔಟ್‌ಪುಟ್ ಜೋಡಿ ಹಾಕಿದರೆ ಅದೂ ಕ್ಷಣದಲ್ಲಿ ಸುಡುತ್ತದೆ.

ಎರಡೂ ಚಾನೆಲ್ ಸರಿಯಿದ್ದೂ ಟಕ್ ಇಲ್ಲವೆಂದರೆ ಆಗ ರಿಲೇಯನ್ನು ನಡೆಸುವ ಪ್ರೊಟೆಕ್ಷನ್ ಬೋರ್ಡಿನ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಶಂಕಿಸಿ. ಬೋರ್ಡಿನ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಅಂಟು ಇದ್ದರೆ ಪೂರ್ತಿ ಕೆರೆದು ತೆಗೆಯಿರಿ. ಹಳತಾದಂತೆ ಅದು ಕರೆಂಟ್ ಹರಿಯಬಿಡುತ್ತದೆ, ತಂತಿಗಳನ್ನೂ ತಿನ್ನುತ್ತದೆ.

ಟಕ್ ಎಂದರೂ ಒಂದು ಸ್ಪೀಕರ್ ಮೌನವಾಗಿದ್ದು, ವಾಲ್ಯೂಮ್ ಜೋರು ಮಾಡಿದೊಡನೆ ಹಾಡತೊಡಗಿದರೆ ಮಾತ್ರ ತಪ್ಪು ಬಹುಮಟ್ಟಿಗೆ ರಿಲೇಯದು, ಇಲ್ಲವೇ ಸ್ಪೀಕರ್ ಸ್ವಿಚ್ಚಿನದು: ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ರಿಲೇಯನ್ನು ಉಪ್ಪುಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ಬೇಗ ಮತ್ತೆ ಕಪ್ಪಾಗುತ್ತದೆ. ಅಷ್ಟೇ ವೋಲ್ಟಿನ ಕಾಯಿಲ್, ಅಷ್ಟೇ ಆಂಪಿಯರಿನ ಕಾಂಟ್ಯಾಕ್ಟ್ ಇರುವ ಹೊಸ ರಿಲೇ ಹಾಕುವುದೇ ಮೇಲು.